ಹಿಂದಿನ ರೆಕ್ಕೆಯ ಲೆಕ್ಕ

ಸೇವಂತಿ ನೋಟ್‌ಪುಸ್ತಕವನ್ನು ಗಂಡನ ಎರಡು ಅಂಗಿಗಳ ನಡುವೆ ತೂರಿಸಿ ಮೇಲಿನ ಅಂಗಿಯ ತೋಳು ಮಡಚಿದಳು. ಅತ್ತೆ ದುಗ್ಗಮ್ಮ ಬಿಳಿಬಟ್ಟೆಯ ನಾಲ್ಕು ಮೂಲೆ ಎಳೆದು ಗಂಟು ಹಾಕಿದರು. ಸತ್ತವರು ದಿನಾ ಮುಟ್ಟಿದ ವಸ್ತುಗಳನ್ನು ಅವರ ಜೊತೆಗೇ ಸುಡಬೇಕೆಂಬುದು ಆ ಮನೆಯ ಕ್ರಮ.

“ಬೇರೆ ಎಂತ ಉಂಟು ಅವನದ್ದು?”

“ಇಷ್ಟೇ ಅತ್ತೆ.”

ಗಂಟನ್ನು ಜಗಲಿಯಲ್ಲಿ ಧರ್ಮಪಾಲನ ಕಾಲ ಬಳಿ ಇಟ್ಟರು. ಅವನಿಗೆ ಮೂವತ್ತೊಂದು ವರ್ಷ. ಹೈದರಾಬಾದಿನಿಂದ ರಜೆಯಲ್ಲಿ ಸಂಪಾಜೆಗೆ ಬಂದ ಮೂರನೆಯ ದಿನ ಜ್ವರ ಹಿಡಿದಿತ್ತು. ನಿನ್ನೆ ಸಂಜೆ ಪುತ್ತೂರಿನ ಆಸ್ಪತ್ರೆಯಿಂದ ಜೀಪಿನಲ್ಲಿ ಹೆಣ ತಂದಿದ್ದರು. ಚಿಕ್ಕಪ್ಪ ಮೇದಪ್ಪ ಕೋವಿ ತಂದು ಆಕಾಶಕ್ಕೆ ಗುಂಡು ಹಾರಿಸಿದಾಗ ಹೊಳೆಯಾಚೆಯವರಿಗೂ ಸಾವಿನ ಸುದ್ದಿ ತಿಳಿಯಿತು.

“ಅಲ್ಲಿ ರಾಕೆಟ್ ಮಾಡುದಂತಲ್ಲ ಇವ?” ನೆರೆಯ ಕುಕ್ಕಪ್ಪ ಕೇಳಿದ.

“ವಿಮಾನ ಹೊಡೆದು ಬೀಳಿಸುವಂಥದ್ದು. ನಿನ್ನ ದೀಪಾವಳಿದ್ದಲ್ಲ,” ಎಂದರು ಮೇದಪ್ಪ. “ಅದಕ್ಕಿಂತ ಹೆಚ್ಚು ನನಗೂ ಹೇಳಿದವನಲ್ಲ. ಸರಕಾರದ ಗುಟ್ಟು ಚಿಕ್ಕಪ್ಪ ಅಂತ ನಗುದು. ಬಾಯಿ ಗಟ್ಟಿ.”

“ನಿಮ್ಮ ಮನೆಯಲ್ಲಿ ಬಾಯಿ ಗಟ್ಟಿ ಇದ್ದವ ಇವನೊಬ್ಬನೇ ಮಾರಾಯ್ರೆ.”

ಅಲ್ಲಿದ್ದ ಇಬ್ಬರು ನಕ್ಕರು. ಒಳಗೆ ಸೇವಂತಿ ಆ ಮಾತನ್ನು ಕೇಳಿದಳು.

ಹೆಣ ಎತ್ತುವ ಹೊತ್ತಿಗೆ ವೆಂಕಟ್ರಮಣ ಬಂದ. ಕಚೇರಿಯಲ್ಲಿ ಧರ್ಮಪಾಲನ ಪಕ್ಕದ ಮೇಜಿನಲ್ಲೇ ಕೆಲಸ ಮಾಡುವವನು. ಅವನೂ ರಜೆಯಲ್ಲಿ ಪುತ್ತೂರಿನ ಮನೆಗೆ ಬಂದಿದ್ದ. ಹೆಣಕ್ಕೆ ಕೈಮುಗಿದು ನೇರ ಹಿತ್ತಿಲ ಬಾಗಿಲಿಗೆ ಬಂದ.

“ಅಕ್ಕ, ಆಸ್ಪತ್ರೆಯಲ್ಲಿ ಅವ ನನ್ನ ಹತ್ರ ಹೇಳಿದ್ದ. ಹಿಂದಿನ ರೆಕ್ಕೆಯ ಲೆಕ್ಕ ತಪ್ಪಿದೆ, ಸರಿ ಮಾಡಿದ ಪುಸ್ತಕ ಮನೆಯಲ್ಲಿ ಉಂಟು ಅಂತ.”

“ನನಗೆ ಗೊತ್ತಿಲ್ಲ,” ಎಂದಳು ಸೇವಂತಿ.

ಗಂಡಸರು ಚಟ್ಟ ಎತ್ತಿದರು. ಗಂಟು ಅದರ ಮೇಲೆಯೇ ಹೋಯಿತು.

*

ಊರಿಗೆ ಹೊರಡುವ ಮೊದಲು, ಹೈದರಾಬಾದಿನ ಕ್ವಾರ್ಟರ್ಸಿನಲ್ಲಿ ಒಂದು ಭಾನುವಾರ ಧರ್ಮಪಾಲ ಬೀನ್ಸಿನ ನಾರು ತೆಗೆಯುತ್ತಿದ್ದ. ಸೇವಂತಿ ಅವನ ನೋಟ್‌ಪುಸ್ತಕ ಓದುತ್ತಿದ್ದಳು. ಆ ಪುಸ್ತಕ ಕಚೇರಿಯ ಗೇಟು ದಾಟಿ ಬರಬಾರದಿತ್ತು. ಆದರೆ ಮೈಸೂರಿನಲ್ಲಿ ಗಣಿತ ಎಂ.ಎಸ್ಸಿ. ಓದಿದ ಹೆಂಡತಿ ಅಕ್ಕಿ ಆರಿಸುತ್ತ ಕೂರುವುದು ಅವನಿಗೆ ಸರಿ ಕಾಣಲಿಲ್ಲ. ಎರಡು ವರ್ಷದಿಂದ ಅವನ ಲೆಕ್ಕಗಳನ್ನು ತಿದ್ದಿದವಳು ಅವಳು. ಮೇಲಧಿಕಾರಿಗಳು ಅವನ ಬೆನ್ನು ತಟ್ಟಿದ್ದರು, ಎರಡು ಮೆಟ್ಟಿಲು ಮೇಲೇರಿಸಿದ್ದರು.

“ಇಲ್ಲಿ ಕಳೆಯಬೇಕಿತ್ತು. ನೀವು ಕೂಡಿಸಿದ್ದೀರಿ.”

ಅವನು ಬೀನ್ಸು ಕೆಳಗಿಟ್ಟು ಬಂದ. ನೋಡಿದ. “ಹಾಗಾದರೆ ವೇಗ ಏರಿದ ಮೇಲೆ ರೆಕ್ಕೆ ತಿರುಗುದು...”

“ಉಲ್ಟಾ. ರಾಕೆಟ್ ಹಾರಿಸಿದವರ ಕಡೆಗೇ ಬರ್ತದೆ.”

ಅವನು ಆ ಸಾಲಿನ ಮೇಲೆ ಬೆರಳಿಟ್ಟು ಮತ್ತೊಮ್ಮೆ ಓದಿದ. ಆಮೇಲೆ, “ನೀನೇ ಪೂರ್ತಿ ಬರೆ. ಊರಿಂದ ಬಂದ ಮೇಲೆ ನಾನು ನಕಲು ಮಾಡಿ ಕೊಡ್ತೇನೆ. ಪರೀಕ್ಷೆಗೆ ಇನ್ನೂ ತಿಂಗಳುಂಟು,” ಎಂದ. ಪುಸ್ತಕದ ಕೊನೆಯ ಹನ್ನೊಂದು ಪುಟ ಅವಳ ಕೈಬರಹ.

*

ಅಂಗಳದಲ್ಲಿ ಹೆಂಗಸರಷ್ಟೇ ಉಳಿದರು. ವೆಂಕಟ್ರಮಣ ಹೋಗಿರಲಿಲ್ಲ.

“ಹಾರಿಸುವ ಪರೀಕ್ಷೆ ಬೇಗ ಇಟ್ಟಿದ್ದಾರೆ ಅಕ್ಕ. ಬರುವ ಸೋಮವಾರವೇ. ನಿಲ್ಲಿಸಿ ಅಂತ ನಾನು ತಂತಿ ಕೊಟ್ಟೆ. ಲೆಕ್ಕ ತೋರಿಸದೆ ನಿಲ್ಲಿಸುದಿಲ್ಲ ಅಂತ ಉತ್ತರ ಬಂತು.”

“ಹತ್ತಿರ ಎಷ್ಟು ಜನ ಇರ್ತಾರೆ?”

“ಹತ್ತು ಹನ್ನೆರಡು. ಹಾರಿಸುವ ಜಾಗದ ಬದಿಯ ಹೊಂಡದಲ್ಲಿ.”

ಹೊಳೆಯ ಕಡೆಯಿಂದ ಮೇದಪ್ಪನವರ ದನಿ ಕೇಳಿಸುತ್ತಿತ್ತು. ಕಟ್ಟಿಗೆ ಹೇಗೆ ಜೋಡಿಸಬೇಕೆಂದು ಹೇಳುತ್ತಿದ್ದರು.

“ಪುಸ್ತಕ ಚಿತೆಗೆ ಹೋಯಿತು,” ಎಂದಳು ಸೇವಂತಿ. “ನಾನೇ ಹಾಕಿದ್ದು. ಅದರಲ್ಲಿ ನನ್ನ ಅಕ್ಷರ ಇತ್ತು. ಗುಟ್ಟನ್ನು ಹೆಂಡತಿಗೆ ಕೊಟ್ಟವ ಅಂತ ಆಗ್ತಿತ್ತು ಅವರ ಹೆಸರು.”

ವೆಂಕಟ್ರಮಣ ಹೊಳೆಯ ಕಡೆಗೆ ತಿರುಗಿದ.

“ಕಾಗದ ಉಂಟಾ ಅಣ್ಣ? ನಾನು ಹೇಳ್ತೇನೆ, ನೀವು ಬರೆಯಿರಿ. ನಿಮ್ಮ ಅಕ್ಷರದಲ್ಲಿ.”

ಜಗಲಿಯ ಮೂಲೆಯಲ್ಲಿ, ಹೆಣ ಮಲಗಿಸಿದ್ದ ಚಾಪೆಯ ಪಕ್ಕದಲ್ಲೇ, ಅವನು ಕೂತ. ಅವಳು ಕಣ್ಣು ಮುಚ್ಚಿ ಸಾಲು ಸಾಲಾಗಿ ಹೇಳಿದಳು. ಒಂದು ಕಡೆ ಅವನ ಪೆನ್ನು ನಿಂತಿತು.

“ಇಲ್ಲಿ ಕೂಡಿಸುದಲ್ವಾ?”

“ಅಲ್ಲ. ಅದೇ ತಪ್ಪು.”

ಒಬ್ಬಳು ಮುದುಕಿ ದುಗ್ಗಮ್ಮನ ಕಿವಿಯಲ್ಲಿ, “ಗಂಡನ ಚಿತೆಗೆ ಇನ್ನೂ ಬೆಂಕಿ ಇಟ್ಟಿಲ್ಲ, ಇವಳದ್ದು ಎಂತ ಪಾಠ?” ಎಂದಳು.

“ಅವನ ಕಚೇರಿದ್ದು. ಮುಗಿಸ್ಲಿ,” ಎಂದರು ದುಗ್ಗಮ್ಮ. ಸೊಸೆಯ ಬಳೆ ತೆಗೆಯಲು ಅವರು ಬಂದು ನಿಂತು ಆಗಲೇ ಬಹಳ ಹೊತ್ತಾಗಿತ್ತು.

ಆರನೆಯ ಹಾಳೆಯ ಕೆಳಗೆ ಬಂದಾಗ ವೆಂಕಟ್ರಮಣ ತಲೆಯೆತ್ತಿದ. “ಹೆಸರು?”

“ನಿಮ್ಮದು ಹಾಕಿ.”

“ಅಕ್ಕ, ಇದು ನನ್ನದಲ್ಲ.”

“ಸತ್ತವರು ಇವತ್ತಿನ ತಾರೀಕು ಹಾಕುದು ಹೇಗೆ? ನಿಮ್ಮದೇ ಹಾಕಿ.”

ಅವನು ಹಾಕಿದ. ಹೊಳೆಯ ಬದಿಯ ಮರಗಳ ಮೇಲೆ ಹೊಗೆ ಕಾಣಿಸಿತು. ಸೇವಂತಿ ಹಾಳೆ ತೆಗೆದುಕೊಂಡು, ಆ ಹೆಸರಿನ ಶಾಯಿ ಆರುವವರೆಗೆ ಮೆಲ್ಲಗೆ ಊದಿದಳು. ಅವನಿಗೆ ಹಿಂದಕ್ಕೆ ಕೊಟ್ಟಳು. ಆಮೇಲೆ ಎರಡೂ ಕೈಗಳನ್ನು ಅತ್ತೆಯ ಮುಂದೆ ಚಾಚಿದಳು.