ವಾಯಿದೆ ಕೇಳುವವಳು

"ಫೋಟೋದಲ್ಲಿ ಬಡವರು ಕಾಣಿಸಬೇಕು" ಎಂದು ಸೀನಿಯರ್ ಎರಡನೇ ಸಲ ಹೇಳಿದರು. "ಇದರಲ್ಲಿ ಎಲ್ಲಿದ್ದಾರೆ ಬಡವರು? ಬರೀ ಕರಿ ಕೋಟುಗಳೇ."

ಅವಳು ಮಧ್ಯಾಹ್ನದ ವೃತ್ತಿ ವಿಕಾಸ ಸಭೆಯ ಬ್ಯಾನರಿನ ಕರಡನ್ನು ತನ್ನ ಕಡೆಗೆ ತಿರುಗಿಸಿಕೊಂಡು ನೋಡಿದಳು. ಉಚಿತ ಕಾನೂನು ಸಲಹಾ ಶಿಬಿರದ ಫೋಟೋ. ಮುಂದಿನ ಸಾಲಿನಲ್ಲಿ ಸೀನಿಯರ್, ಅವರ ಆಚೀಚೆ ವಕೀಲರ ಸಂಘದ ಪದಾಧಿಕಾರಿಗಳು, ಎಲ್ಲರೂ ಒಂದೇ ರಿಬ್ಬನ್ನು ಹಿಡಿದುಕೊಂಡು ಹಲ್ಲು ಬಿಟ್ಟಿದ್ದರು. ಸಲಹೆ ಕೇಳಲು ಬಂದವರು ಹಿಂದೆ ಎಲ್ಲೋ ಇದ್ದಿರಬೇಕು. ಸೀನಿಯರ್ ಅವರ ಭುಜದ ಮೇಲಿಂದ ಒಂದು ಅರ್ಧ ಮುಖ ಮಾತ್ರ ಇಣುಕುತ್ತಿತ್ತು. ಅದು ಟೈಪ್ ಟೀಚರ್.

"ಇವರು ಇದ್ದಾರಲ್ಲ ಸರ್."

"ಇವರನ್ನ ನೋಡಿ ಬಡವರು ಅಂತ ಯಾರಂತಾರೆ? ಕನ್ನಡಕ ಹಾಕ್ಕೊಂಡಿದ್ದಾರೆ."

ಅವಳ ಮೈ ಉರಿಯಿತು. ಉರಿದದ್ದನ್ನು ಮುಖದಲ್ಲಿ ತೋರಿಸದೆ ಇರುವುದನ್ನು ಅವಳು ಈ ಕಚೇರಿಯಲ್ಲಿ ಕಾನೂನಿಗಿಂತ ಚೆನ್ನಾಗಿ ಕಲಿತಿದ್ದಳು. ಬೇರೆ ಫೋಟೋ ಹುಡುಕುತ್ತೇನೆ ಎಂದಳು.

"ಬಿಡು, ನಾನೇ ಹುಡುಕಿಸ್ತೀನಿ. ನೀನು ಊಟ ಆದ ತಕ್ಷಣ ಸಭಾಂಗಣದಲ್ಲಿರು. ಯುವ ಸೇವಾ ಪ್ರಶಸ್ತಿ ನಿಂದೇ. ಸೇವೆ ಮಾಡಿದ್ರೆ ಹೆಸರು ಬರುತ್ತೆ, ಹೆಸರು ಬಂದ್ರೆ ಕಕ್ಷಿದಾರರು ಬರ್ತಾರೆ. ನಮ್ಮ ಕಾಲದಲ್ಲಿ ಇದನ್ನೆಲ್ಲ ಯಾರೂ ಹೇಳ್ಕೊಡ್ತಿರಲಿಲ್ಲ."

"ಅದಕ್ಕೂ ಮುಂಚೆ ನಂದೊಂದು ಕೇಸಿದೆ ಸರ್."

ಸೀನಿಯರ್ ತಲೆ ಎತ್ತಿದರು. "ನಿಂದಾ?"

"ಶಿಬಿರದ್ದು. ಟೈಪ್ ಟೀಚರ್‌ದು."

"ಓ, ಪುಕ್ಕಟೆದು" ಎಂದು ಅವರು ಮತ್ತೆ ಬ್ಯಾನರಿನ ಕಡೆ ತಿರುಗಿದರು. "ಹೋಗೋವಾಗ ನನ್ನ ಫೈಲುಗಳನ್ನೂ ತಗೊಂಡ್ಹೋಗು. ಎಲ್ಲದಕ್ಕೂ ವಾಯಿದೆ ಕೇಳಿಬಿಡು."

ವಾಯಿದೆ ಕೇಳುವುದೇ ಅವಳ ವೃತ್ತಿ. ಕೇಸು ಕರೆದಾಗ ಎದ್ದು ನಿಂತು, ತಲೆ ಬಾಗಿಸಿ, 'ಸಮಯ ಬೇಕು ಸ್ವಾಮಿ' ಎನ್ನಬೇಕು. ನ್ಯಾಯಾಧೀಶರು ಗೊಣಗಿಕೊಂಡು ಮುಂದಿನ ತಾರೀಕು ಕೊಡುತ್ತಾರೆ. ಸೀನಿಯರ್ ಇನ್ನೊಂದು ಕೋರ್ಟಿನಲ್ಲಿದ್ದರೆ ಸಮಯ ಬೇಕು, ಫೈಲು ಓದಿಕೊಂಡಿಲ್ಲದಿದ್ದರೆ ಸಮಯ ಬೇಕು, ಕೇಸು ಮುಗಿದುಹೋಗುವ ಅಪಾಯವಿದ್ದರಂತೂ ಸಮಯ ಬೇಕೇ ಬೇಕು. ಕಾಲೇಜಿನಲ್ಲಿ ಅಣಕು ನ್ಯಾಯಾಲಯದ ಸ್ಪರ್ಧೆ ಗೆದ್ದ ಬಾಯಿ ಅದು. ಕೆಲಸಕ್ಕೆ ಸೇರಿದ ಮೇಲೆ ಕೋರ್ಟಿನಲ್ಲಿ ಆ ಬಾಯಿಂದ ಬೇರೆ ವಾಕ್ಯವೇ ಹೊರಟಿರಲಿಲ್ಲ. ಅಮ್ಮ ನೆಂಟರ ಮುಂದೆ 'ನಮ್ಮವಳು ದಿನಾ ವಾದ ಮಾಡ್ತಾಳೆ' ಎಂದು ಶುರುಮಾಡಿದರೆ ಅವಳು ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋಗಿಬಿಡುತ್ತಿದ್ದಳು.

ಟೈಪ್ ಟೀಚರ್ ಒಂದು ಕಿರಿದಾದ ರಸ್ತೆಯಲ್ಲಿ, ಬೀದಿಗೆ ತೆರೆದುಕೊಂಡ ಕೋಣೆಯಲ್ಲಿ ಟೈಪಿಂಗ್ ಕಲಿಸುತ್ತಿದ್ದವರು. ಕಲಿಯುವವರು ನಿಂತುಹೋದ ಮೇಲೆ ಅವರಿವರ ಅರ್ಜಿ ಟೈಪ್ ಮಾಡಿಕೊಟ್ಟು ಬದುಕುತ್ತಿದ್ದರು. ಹಿಂದಿನ ಕೋಣೆಯಲ್ಲಿ ಹಾಸಿಗೆ ಹಿಡಿದ, ಆಗಾಗ ಎಲ್ಲಿದ್ದೇನೆಂಬ ಅರಿವೂ ತಪ್ಪುವ ಅಕ್ಕ. ಕಟ್ಟಡ ಕೆಡವಿ ಅಂಗಡಿ ಸಾಲು ಕಟ್ಟಬೇಕೆಂದು ಮಾಲೀಕ ಕೇಸು ಹಾಕಿದ್ದ. ಟೀಚರ್ ಹಿಡಿದಿದ್ದ ವಕೀಲ ಕೋರ್ಟಿನ ಕಡೆ ತಲೆಯನ್ನೇ ಹಾಕದೆ ಇದ್ದುದರಿಂದ, ಇವರ ಮಾತು ಕೇಳದೆಯೇ, ಮನೆ ಖಾಲಿ ಮಾಡಬೇಕೆಂದು ತೀರ್ಪಾಗಿತ್ತು. ಆಗ ಅವರು ಶಿಬಿರಕ್ಕೆ ಬಂದರು. ಅವಳು ವಕಾಲತ್ತು ಹಾಕಿ, ಆ ತೀರ್ಪು ರದ್ದಾಗಲಿ, ಮತ್ತೆ ವಿಚಾರಣೆ ನಡೆಯಲಿ ಎಂದು ಅರ್ಜಿ ಕೊಟ್ಟಳು. ನ್ಯಾಯಾಧೀಶರು ಕಾಗದ ನೋಡಿಯೇ ತಡೆಯಾಜ್ಞೆ ಕೊಟ್ಟಿದ್ದರು. ಅದರ ಆಯಸ್ಸು ಇವತ್ತಿನವರೆಗೆ. ಇವತ್ತು ವಾದ ಮಾಡಿ ಅದನ್ನು ಮುಂದುವರಿಸಿಕೊಳ್ಳದಿದ್ದರೆ, ಮಾಲೀಕ ಕೋರ್ಟಿನ ಅಮೀನನನ್ನು ಕರೆದುಕೊಂಡು ಬಂದು ಇಬ್ಬರನ್ನೂ ಹೊರಗೆ ಹಾಕಿಸಬಹುದು.

ಅದಕ್ಕೇ ಅವಳು ಬೆಳಿಗ್ಗೆ ಬಚ್ಚಲುಮನೆಯಲ್ಲಿ ನಿಂತು ಗೋಡೆಗೆ ವಾದ ಮಾಡಿದ್ದಳು. ಅಮ್ಮ ಬಾಗಿಲು ತಟ್ಟಿದ್ದಳು.

"ಯಾರ ಜೊತೆ ಜಗಳ?"

"ನ್ಯಾಯಾಧೀಶರ ಜೊತೆ."

"ಬೇಗ ಗೆದ್ದು ಬಾ. ಬಿಸಿನೀರು ಖಾಲಿಯಾಗುತ್ತೆ."

ಕೋರ್ಟಿನ ಮೊಗಸಾಲೆಯಲ್ಲಿ ಟೈಪ್ ಟೀಚರ್ ಕಂಬಕ್ಕೆ ಒರಗದೆ ನೆಟ್ಟಗೆ ನಿಂತಿದ್ದರು. "ಅಕ್ಕನ್ನ ಪಕ್ಕದ್ಮನೆಯವರಿಗೆ ಒಪ್ಪಿಸಿ ಬಂದಿದೀನಿ" ಎಂದರು. "ಏನೂ ತೊಂದ್ರೆ ಆಗಲ್ಲ ಅಲ್ವಾ ಲಾಯರಮ್ಮ?"

"ಏನೂ ಆಗಲ್ಲ. ನಾನಿದೀನಲ್ಲ."

ಈ ಮಾತು ಅವಳಿಗೇ ಹಿತವಾಗಿತ್ತು. ಇನ್ನೊಬ್ಬರಿಗೆ 'ನಾನಿದೀನಲ್ಲ' ಎಂದು ಹೇಳುವುದಕ್ಕಾಗಿಯೇ ತಾನು ಕಾನೂನು ಓದಿದ್ದು ಎಂದು ಒಂದು ಗಳಿಗೆ ಅನ್ನಿಸಿತು.

ಒಳಗೆ ಸೀನಿಯರ್ ಅವರ ಕೇಸುಗಳನ್ನು ಮೊದಲು ಕರೆದರು. ಅವಳು ಎದ್ದಳು, ಬಾಗಿದಳು, ಸಮಯ ಬೇಕು ಸ್ವಾಮಿ, ಕೂತಳು. ಮತ್ತೆ ಎದ್ದಳು, ಬಾಗಿದಳು, ಸಮಯ ಬೇಕು ಸ್ವಾಮಿ, ಕೂತಳು. ಹೀಗೆ ಸೀನಿಯರ್ ಅವರ ಫೈಲುಗಳೆಲ್ಲ ಮುಗಿದವು. ಆಮೇಲೆ ಅವಳ ಕೇಸು ಕರೆದರು.

ಅವಳು ಎದ್ದಳು. ವಾದದ ಮೊದಲ ವಾಕ್ಯ ನಾಲಿಗೆಯ ತುದಿಯಲ್ಲೇ ಇತ್ತು. ಹಿಂದಿನ ವಕೀಲರ ನಿರ್ಲಕ್ಷ್ಯಕ್ಕೆ ಕಕ್ಷಿದಾರರನ್ನು ಶಿಕ್ಷಿಸುವುದು ಸರಿಯಲ್ಲ. ನ್ಯಾಯಾಧೀಶರು ಬರೆಯುತ್ತಲೇ, "ಅರ್ಜಿದಾರರ ಪರ ಸಿದ್ಧವಾ?" ಎಂದರು. ಅವಳು ತಲೆ ಬಾಗಿಸಿದಳು.

"ಸಮಯ ಬೇಕು ಸ್ವಾಮಿ."

ಯಾರು ಹೇಳಿದ್ದು ಎಂದು ಒಂದು ಕ್ಷಣ ಅವಳಿಗೆ ತಿಳಿಯಲಿಲ್ಲ. ದನಿ ಸ್ಪಷ್ಟವಾಗಿತ್ತು, ವಿನಯವಾಗಿತ್ತು, ಚೆನ್ನಾಗಿ ಪಳಗಿತ್ತು. ನ್ಯಾಯಾಧೀಶರ ಪೆನ್ನು ಓಡತೊಡಗಿತ್ತು.

"ಇಲ್ಲ ಸ್ವಾಮಿ, ನಾನು..."

ಎದುರು ವಕೀಲರು ಆಗಲೇ ನಿಂತಿದ್ದರು. ತಲೆ ನರೆತ, ಸಾವಧಾನದ ಮನುಷ್ಯ. "ಅವರಿಗೆ ಸಮಯ ಕೊಡೋಕೆ ನಮ್ಮ ಅಭ್ಯಂತರ ಇಲ್ಲ ಸ್ವಾಮಿ. ಆದ್ರೆ ತಡೆಯಾಜ್ಞೆ ಇವತ್ತಿಗೆ ಮುಗೀತು. ಮುಂದುವರಿಸಬಾರದು."

"ನಾನು ಸಿದ್ಧ ಇದ್ದೀನಿ ಸ್ವಾಮಿ. ಈಗಲೇ ವಾದ ಮಾಡ್ತೀನಿ."

"ಸಮಯ ಕೇಳಿದ್ರಿ, ಕೊಟ್ಟಿದ್ದೀನಿ" ಎಂದರು ನ್ಯಾಯಾಧೀಶರು. "ಆದೇಶ ಬರೆದಾಯ್ತು. ತಡೆಯಾಜ್ಞೆ ಮುಂದುವರಿಯಲ್ಲ. ವಾದ ಮಾಡೋಕೆ ನಿಮಗೆ ಬಿಡುವಿಲ್ಲ, ತಡೆಯಾಜ್ಞೆ ಮಾತ್ರ ಬೇಕು. ಯುವ ವಕೀಲರು ಸ್ವಲ್ಪ ಕಷ್ಟಪಡೋದು ಕಲೀಬೇಕು. ಮುಂದಿನ ಕೇಸು."

ಯಾರೋ ಕಿಸಕ್ಕೆಂದರು. ಮುಂದಿನ ಕೇಸಿನ ವಕೀಲ ಮೊಣಕೈಯಿಂದ ಅವಳನ್ನು ಪಕ್ಕಕ್ಕೆ ಸರಿಸಿದ.

ಹಿಂದಿನ ಬೆಂಚಿನಲ್ಲಿದ್ದ ಟೀಚರ್‌ಗೆ ಏನೂ ಕೇಳಿಸಿರಲಿಲ್ಲ. ಹೊರಗೆ ಬಂದು, "ಏನಂದ್ರು?" ಎಂದರು.

"ಮಧ್ಯಾಹ್ನ ಇನ್ನೊಂದ್ಸಲ ಹೇಳ್ಬೇಕು."

"ಹೇಳ್ತೀರಲ್ಲ?"

"ಹೇಳ್ತೀನಿ."

"ಹಾಗಾದ್ರೆ ನಾನು ಹೊರಡ್ಲಾ? ಅಕ್ಕ ಕಾಯ್ತಿರ್ತಾಳೆ."

ಹೊರಡಿ ಎಂದಳು. ನಿಜ ಹೇಳುವುದಕ್ಕೂ ಅವಳಿಗೆ ಸಮಯ ಬೇಕಾಗಿತ್ತು. ಟೀಚರ್ ಮೆಟ್ಟಿಲಿಳಿದು ಹೋದ ಮೇಲೆ ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ತಪ್ಪು ತನ್ನದು, ಒಪ್ಪಿದಳು. ಆದರೆ ಆ ವಾಕ್ಯ ತನ್ನದಲ್ಲ. ಅದನ್ನು ದಿನಾ ಬೆಳಿಗ್ಗೆ ಫೈಲಿನ ಜೊತೆ ತನ್ನ ಬಾಯೊಳಗೆ ಇಟ್ಟು ಕಳಿಸಿದವರು ಯಾರು? ಈಗ ವೃತ್ತಿ ವಿಕಾಸ ಎಂದು ಅದಕ್ಕೊಂದು ಸಭೆ ಬೇರೆ.

ಮೊಗಸಾಲೆಯ ಬೆಂಚಿನ ಮೇಲೆ ಕೂತು ತಡೆಯಾಜ್ಞೆ ಮುಂದುವರಿಸಬೇಕೆಂಬ ಮನವಿಯನ್ನು ಕೈಯಲ್ಲೇ ಬರೆದಳು. ಊಟಕ್ಕೆ ಹೋಗಲಿಲ್ಲ. ಮಧ್ಯಾಹ್ನದ ಕಲಾಪಕ್ಕೆ ಬಾಗಿಲು ತೆರೆಯುವುದನ್ನೇ ಕಾಯ್ದಳು. ತೆರೆಯಲಿಲ್ಲ. ಕೋರ್ಟಿನ ಗುಮಾಸ್ತ ಬೀಗದ ಕೈ ಹಿಡಿದುಕೊಂಡು ಬಂದ.

"ಸಾಹೇಬ್ರು ಮಧ್ಯಾಹ್ನ ಕೂರಲ್ಲ ಮೇಡಂ. ಕಾರ್ಯಕ್ರಮಕ್ಕೆ ಹೋದ್ರು. ಮುಖ್ಯ ಅತಿಥಿ."

"ಯಾವ ಕಾರ್ಯಕ್ರಮ?"

ಗುಮಾಸ್ತ ಅವಳನ್ನು ವಿಚಿತ್ರವಾಗಿ ನೋಡಿದ. "ನಿಮ್ದೇ ಅಲ್ವಾ?"

ಸಭಾಂಗಣದಲ್ಲಿ ಬ್ಯಾನರು ನೇತಾಡುತ್ತಿತ್ತು: ಯುವ ವಕೀಲರ ವೃತ್ತಿ ವಿಕಾಸ ಮತ್ತು ಸಮಾಜ ಸೇವೆ. ಸೀನಿಯರ್ ಬೇರೆ ಫೋಟೋ ಹುಡುಕಿಸಿದ್ದರು. ಹರಿದ ಅಂಗಿಯ, ಕಣ್ಣು ತುಂಬಿಕೊಂಡ ಮುದುಕನೊಬ್ಬ ಕೈಮುಗಿದಿದ್ದ. ಅವನು ಶಿಬಿರಕ್ಕೆ ಬಂದೇ ಇರಲಿಲ್ಲ. ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಮುದುಕ. ಯಾವ ದೇಶದವನೋ, ಯಾವ ಕಷ್ಟಕ್ಕೆ ಯಾರಿಗೆ ಕೈಮುಗಿದಿದ್ದನೋ.

ತರಬೇತುದಾರನೊಬ್ಬ ವೇದಿಕೆಯ ಮೇಲೆ ಅತ್ತಿಂದಿತ್ತ ಓಡಾಡುತ್ತಿದ್ದ. ಕೈಕುಲುಕುವುದು ಹೇಗೆ, ಕಾರ್ಡು ಕೊಡುವುದು ಹೇಗೆ, ಶಿಬಿರದಲ್ಲಿ ಕಳೆದ ಹೊತ್ತನ್ನು ಬಯೋಡೇಟಾದಲ್ಲಿ ಎಲ್ಲಿ ಬರೆದರೆ ಕಣ್ಣಿಗೆ ಹೊಡೆಯುತ್ತದೆ. "ಸೇವೆ ಖರ್ಚಲ್ಲ, ಹೂಡಿಕೆ" ಎಂದ. ಯುವ ವಕೀಲರು ಬರೆದುಕೊಂಡರು. ಒಬ್ಬಳು ಅದರ ಕೆಳಗೆ ಗೆರೆ ಎಳೆದುಕೊಂಡಳು.

ಅವಳ ಹೆಸರು ಕರೆದರು. ಅಮ್ಮ ಮುಂದಿನ ಸಾಲಿನಲ್ಲಿ ಆಗಲೇ ಕಣ್ಣೊರೆಸಿಕೊಳ್ಳುತ್ತಿದ್ದಳು. ಅವಳನ್ನು ಸೀನಿಯರ್ ಮತ್ತು ನ್ಯಾಯಾಧೀಶರ ನಡುವೆ ನಿಲ್ಲಿಸಿದರು. ಶಾಲು ಬಂತು, ಫಲಕ ಬಂತು. ಅವಳು ಬಗ್ಗಿ, ತಗ್ಗಿದ ದನಿಯಲ್ಲಿ, "ಸ್ವಾಮಿ, ಬೆಳಿಗ್ಗೆ ಆ ಮನೆ ಕೇಸು" ಎಂದಳು.

ನ್ಯಾಯಾಧೀಶರು ತುಟಿ ಅಲ್ಲಾಡಿಸದೆ ನಗುತ್ತಲೇ ಹೇಳಿದರು: "ಇದು ಕೋರ್ಟಲ್ಲಮ್ಮ. ಕ್ಯಾಮೆರಾ ನೋಡು."

ಆಮೇಲೆ ಅವರು ಭಾಷಣ ಮಾಡಿದರು. ನ್ಯಾಯ ಬಡವರ ಮನೆ ಬಾಗಿಲಿಗೆ ಹೋಗಬೇಕು ಎಂದರು. ಅವಳ ಕೋಟಿನ ಜೇಬಿನಲ್ಲಿ ಫೋನು ಅದುರುತ್ತಿತ್ತು. ನಿಂತಿತು, ಮತ್ತೆ ಅದುರಿತು. ತೆಗೆದು ನೋಡಿದಳು. ಟೈಪ್ ಟೀಚರ್. ನ್ಯಾಯ ಬಾಗಿಲಿಗೆ ಆಗಲೇ ಹೋಗಿದೆ ಎಂದು ಅವಳಿಗೆ ಗೊತ್ತಾಯಿತು. ಮನೆ ಖಾಲಿ ಮಾಡಿಸುವ ವಾರಂಟು ಮೊದಲೇ ತಯಾರಿತ್ತು, ಅಡ್ಡ ಇದ್ದದ್ದು ತಡೆಯಾಜ್ಞೆಯೊಂದೇ.

"ನಮ್ಮ ಯುವ ಮಿತ್ರರು ಎರಡು ಮಾತಾಡ್ಬೇಕು" ಎಂದು ಸೀನಿಯರ್ ಮೈಕನ್ನು ಅವಳ ಮುಂದೆ ಹಿಡಿದರು.

"ನನಗೆ ಈ ಪ್ರಶಸ್ತಿ ಬೇಡ" ಎಂದಳು ಅವಳು. "ನನ್ನ ಕಕ್ಷಿದಾರರನ್ನ ಈಗ, ಈ ಹೊತ್ತಲ್ಲಿ, ಮನೆಯಿಂದ ಹೊರಗೆ ಹಾಕ್ತಿದ್ದಾರೆ. ಬೆಳಿಗ್ಗೆ ನಾನು ವಾದ ಮಾಡೋ ಬದಲು ಸಮಯ ಕೇಳ್ದೆ. ನನಗೆ ಬರೋದು ಅದೊಂದೇ. ಇಲ್ಲಿ ಕೂತಿರೋ ಎಲ್ಲರಿಗೂ ಬರೋದು ಅದೊಂದೇ. ಅದನ್ನೇ ಕಲಿಸಿದ್ದು ನಮಗೆ."

ಯುವ ವಕೀಲರು ಪೆನ್ನು ಹಿಡಿದುಕೊಂಡೇ ಅವಳನ್ನು ನೋಡಿದರು. ಇದನ್ನು ಬರೆದುಕೊಳ್ಳಬೇಕೋ ಬೇಡವೋ ಅವರಿಗೆ ತಿಳಿಯಲಿಲ್ಲ. ನ್ಯಾಯಾಧೀಶರು ಗಡಿಯಾರ ನೋಡಿಕೊಂಡರು.

ಸೀನಿಯರ್ ಮೈಕು ವಾಪಸು ತೆಗೆದುಕೊಂಡರು. "ನೋಡಿದ್ರಾ? ಕಕ್ಷಿದಾರರ ಮೇಲೆ ಎಂಥ ಕಳಕಳಿ. ಎಂಥ ವಿನಯ. ನಮಗೆ ಬೇಕಾಗಿರೋದು ಇಂಥ ಯುವ ವಕೀಲರು." ಅವರೇ ಮೊದಲು ಚಪ್ಪಾಳೆ ತಟ್ಟಿದರು. ಸಾಲು ಸಾಲಾಗಿ ಎಲ್ಲರೂ ಎದ್ದು ತಟ್ಟಿದರು. ಎಲ್ಲರಿಗಿಂತ ಹೆಚ್ಚು ಹೊತ್ತು ತಟ್ಟಿದ್ದು ಅಮ್ಮ.

ಅವಳು ಫಲಕವನ್ನು ಕುರ್ಚಿಯ ಮೇಲಿಟ್ಟು ಇಳಿದು ಬಂದಳು. ಬಾಗಿಲಲ್ಲಿ ಅಮ್ಮ ಕೈ ಹಿಡಿದಳು. "ಎಲ್ಲಿಗೆ? ಗ್ರೂಪ್ ಫೋಟೋ ಇದೆಯಂತೆ."

"ಬಿಡಮ್ಮ."

"ಎಷ್ಟು ಚೆನ್ನಾಗಿ ಮಾತಾಡ್ದೆ" ಎಂದಳು ಅಮ್ಮ. ಅವಳಿಗೆ ಅಮ್ಮನ ಕೈ ಕೊಡವಿ ಹೊಡೆಯಬೇಕೆನಿಸಿತು. ಹೊಡೆಯಬೇಕಾದದ್ದು ಅಮ್ಮನನ್ನಲ್ಲ ಎಂದು ಗೊತ್ತಿತ್ತು. ಯಾರನ್ನು ಎಂಬುದು ಗೊತ್ತಿದ್ದರೂ ಅಲ್ಲಿಗೆ ಕೈ ಎಟುಕುವಂತಿರಲಿಲ್ಲ.

ಆಟೋ ಟೀಚರ್ ಅವರ ರಸ್ತೆಯೊಳಗೆ ಹೋಗಲಿಲ್ಲ. ದಾರಿಯಲ್ಲಿ ಸಾಮಾನಿತ್ತು. ಅಮೀನ ಬಾಗಿಲಿಗೆ ಬೀಗ ಜಡಿದು, ಅರಗಿನ ಮುದ್ರೆ ಒತ್ತಿ ಹೋಗಿದ್ದ. ಮಾಲೀಕನ ಆಳುಗಳು ಹೇಗೆಂದರೆ ಹಾಗೆ ತಂದು ಸುರಿದದ್ದನ್ನು ಟೀಚರ್ ಒಂದೊಂದಾಗಿ ಎತ್ತಿ, ಕೋಣೆಯಲ್ಲಿ ಹೇಗಿತ್ತೋ ಹಾಗೆಯೇ ರಸ್ತೆಯ ಮೇಲೆ ಜೋಡಿಸಿದ್ದರು. ಮುಂದೆ ಮೇಜು, ಟೈಪ್ ಯಂತ್ರ, ಕಲಿಯುವವರ ಸ್ಟೂಲು. ಅದರ ಹಿಂದೆ, ಗೋಡೆ ಇರಬೇಕಾದಲ್ಲಿ ಅಷ್ಟು ಜಾಗ ಬಿಟ್ಟು, ಮಂಚ. ಮಂಚದ ಮೇಲೆ ಅಕ್ಕ ಅಂಗಾತ ಮಲಗಿದ್ದರು. ಅಕ್ಕಪಕ್ಕದವರು ಕಿಟಕಿಗಳಲ್ಲಿದ್ದರು. ಸ್ಕೂಟರುಗಳು ಬಳಸಿಕೊಂಡು ಹೋಗುತ್ತಿದ್ದವು.

"ಬಂದ್ರಾ" ಎಂದರು ಟೀಚರ್. ಬೈಯಲಿಲ್ಲ. ಸೆರಗಿನಿಂದ ಕುರ್ಚಿ ಒರೆಸಿದರು. "ಕೂತ್ಕೊಳ್ಳಿ."

ಅವಳು ಕೂತಳು.

"ಮಧ್ಯಾಹ್ನ ಹೇಳಿದ್ರಾ?"

"ಹೇಳ್ದೆ."

"ಏನಂದ್ರು?"

"ಚಪ್ಪಾಳೆ ತಟ್ಟಿದ್ರು."

ಟೀಚರ್ ಇದ್ದರೂ ಇರಬಹುದು ಎಂಬಂತೆ ತಲೆಯಾಡಿಸಿ, ಯಂತ್ರದ ಮೇಲಿನ ಧೂಳು ಊದತೊಡಗಿದರು.

"ಫ್ಯಾನ್ ಯಾಕೆ ನಿಂತೋಯ್ತು?" ಎಂದರು ಅಕ್ಕ, ಆಕಾಶ ನೋಡುತ್ತಾ.

"ಕರೆಂಟ್ ಹೋಗಿದೆ ಅಕ್ಕ."

"ಸುಳ್ಳು. ಬೆಳಕಿದೆಯಲ್ಲ. ಯಾರೋ ಆಫ್ ಮಾಡಿದಾರೆ." ಅಕ್ಕ ಕತ್ತು ಹೊರಳಿಸಿ ಅವಳನ್ನು ಕಂಡರು. "ನೀವು ಗೋಡೆ ಹತ್ರಾನೇ ಇದ್ದೀರಲ್ಲ. ಸ್ವಲ್ಪ ಹಾಕಿಬಿಡಿ ತಾಯಿ."

ಅವಳು ಎದ್ದಳು. ಕೈ ತಾನಾಗಿ ಭುಜದೆತ್ತರಕ್ಕೆ ಹೋಗಿ ಗಾಳಿಯಲ್ಲಿ ಸ್ವಿಚ್ಚಿಗಾಗಿ ತಡವರಿಸಿತು. ಎದುರಿನಿಂದ ಬಂದ ಸ್ಕೂಟರಿನವನು ಕರಿ ಕೋಟು ಕಂಡು, ಎತ್ತಿದ ಕೈ ಕಂಡು, ತನ್ನನ್ನೇ ತಡೆಯುತ್ತಿದ್ದಾಳೆಂದು ಬ್ರೇಕು ಹಾಕಿದ. ಅವನ ಹಿಂದೆ ಒಂದು ಬೈಕು ನಿಂತಿತು, ಅದರ ಹಿಂದೆ ಇನ್ನೊಂದು.

"ಏನ್ ಮೇಡಂ?" ಎಂದ ಸ್ಕೂಟರಿನವನು.

ಕೈ ಕೆಳಗಿಳಿಯಲಿಲ್ಲ. ಹಿಂದೆ ಹಾರ್ನುಗಳು ಶುರುವಾದವು.

"ಹಾಕಿದ್ರಾ?" ಎಂದು ಅಕ್ಕ ಮಂಚದಿಂದ ಕೇಳಿದರು.