ಜೋಸ್ಟನ ಟೋಪಿಗೆ ಸಿಗಿಸಿದ ಎಲೆ

ಮಾಲ್‌ಪ್ಲಾಕೆ ಕಾಡಿನ ಕದನದಲ್ಲಿ ಆ ದಿನ ಗುರುತು ಇಷ್ಟೇ: ಟೋಪಿಯಲ್ಲಿ ಹಸಿರೆಲೆ ಇದ್ದರೆ ನಮ್ಮ ಮಿತ್ರಸೇನೆಯವನು, ಬಿಳಿ ಕಾಗದ ಇದ್ದರೆ ಫ್ರೆಂಚರ ಕಡೆಯವನು, ಕೊಲ್ಲು. ನಮ್ಮ ಬರ್ನ್ ನಾಡಿನ ಗಂಡಸರು ಸಂಬಳಕ್ಕಾಗಿ ಎರಡೂ ಕಡೆ ಕಾದುತ್ತಿದ್ದರು. ನಾನು ಮಿತ್ರಸೇನೆಯ ಡಚ್ಚರ ದಳದಲ್ಲಿದ್ದೆ, ತಮ್ಮ ಜೋಸ್ಟ್ ಫ್ರೆಂಚರ ದಳದಲ್ಲಿದ್ದ.

ಕಡಿದುರುಳಿಸಿದ ಮರಗಳ ಅಡ್ಡಗಟ್ಟೆ ಹತ್ತಿ ಇಳಿದಾಗ ಅವನು ಹೆಣಗಳ ನಡುವೆ ಕೂತಿದ್ದ. ತೊಡೆಗೆ ಗುಂಡು ಬಿದ್ದಿತ್ತು. ನನ್ನ ಹಿಂದೆ ನಮ್ಮವರು ಗಾಯಾಳುಗಳನ್ನೂ ಬಿಡದೆ ತಿವಿಯುತ್ತ ಬರುತ್ತಿದ್ದರು.

“ಆ ಕಾಗದ ಕಿತ್ತೆಸಿಯೋ, ಎಲೆ ಸಿಗಿಸ್ಕೋ!”

“ಬೇಡಣ್ಣ. ಆಣೆ ಮಾಡಿ ಸೇರಿದೀನಿ.”

“ಹುಳ ಬಿದ್ದ ರೊಟ್ಟಿ ಕೊಟ್ಟೋರಿಗೋಸ್ಕರ ಸಾಯ್ತೀಯೇನೋ? ಅವ್ವಂಗೆ ಏನು ಹೇಳ್ಲಿ?”

“ನೀನು ಡಚ್ಚರ ಬೆಣ್ಣೆ ತಿಂದು ಕೊಬ್ಬಿದೀಯ ಅಂತ ಹೇಳು.”

ಮುಖಕ್ಕೆ ಗುದ್ದಿದೆ. ಅವನು ಮೂಗಿನಿಂದ ರಕ್ತ ಸುರಿಸುತ್ತ ಒರಗಿದಾಗ ಕಾಗದ ಕಿತ್ತು ಓಕ್ ಎಲೆ ಸಿಗಿಸಿದೆ. ನಮ್ಮವರು ಬಂದರು, ಎಲೆ ನೋಡಿ ಅವನನ್ನು ದಾಟಿ ಹೋದರು.

ಅಷ್ಟರಲ್ಲಿ ಫ್ರೆಂಚರು ತಿರುಗಿಬಿದ್ದು ನುಗ್ಗಿದರು. ನಮ್ಮ ಸಾಲು ಮುರಿಯಿತು. ಜೋಸ್ಟನನ್ನು ಹೆಗಲಿಗೆ ಎಳೆದುಕೊಳ್ಳುತ್ತಿದ್ದೆ. ಬಿಳಿ ಕಾಗದದವನೊಬ್ಬ ಅವನ ಟೋಪಿ ನೋಡಿ ಬಂದೂಕಿನ ತುದಿಯ ಅಲಗನ್ನು ಜೋಸ್ಟನ ಹೊಟ್ಟೆಗೆ ಇಳಿಸಿದ. “ಸಾಯೋ, ಡಚ್ಚರ ನಾಯಿ!” ಎಂದು ಅವನು ಬೈದದ್ದು ನಮ್ಮ ಬರ್ನ್ ಮಾತಿನಲ್ಲೇ.

ಅವನನ್ನು ಕೆಡವಿ, ಬಂದೂಕಿನ ಹಿಡಿ ಮುರಿಯುವವರೆಗೂ ತಲೆಗೆ ಬಡಿದೆ. ಜೋಸ್ಟ್ ಎರಡು ಕೈಯಲ್ಲೂ ಕರುಳು ಹಿಡಿದುಕೊಂಡು, “ಬಿಡಣ್ಣ, ನಮ್ಮ ದಳದವನೇ ಅವನು, ಗೊತ್ತಾಗ್ಲಿಲ್ಲ ಅವನಿಗೆ” ಎನ್ನುತ್ತಲೇ ಇದ್ದ.