ಒಂದು ಬೂಟಿಗೆ ಮೂವರು

ಮಾತಿನಲ್ಲಿ ನನ್ನನ್ನು ಸೋಲಿಸುವವರು ಈ ಭೂಮಂಡಲದಲ್ಲಿ ಇನ್ನೂ ಹುಟ್ಟಿಲ್ಲ ಎಂಬುದು ನಾನೇ ಸಾರಿ, ನಾನೇ ನಂಬಿ, ನೆಂಟರಿಷ್ಟರೆಲ್ಲ ಬೇಸತ್ತು ಒಪ್ಪಿಕೊಂಡ ಸತ್ಯ. ನಾನು ಬಾಯಿ ತೆರೆದರೆ ಗೋಡೆಯ ಗಡಿಯಾರವೂ ಟಿಕ್ಕೆನ್ನಲು ನನ್ನ ಅಪ್ಪಣೆ ಕೇಳುತ್ತದೆ. ಆದ್ದರಿಂದ ಟೀಚರಮ್ಮ ಮೊದಲ ಸಲ ನಮ್ಮ ಮನೆಗೆ ಬಂದು ನನ್ನೆದುರು ಕೂತಾಗ ನನಗೆ ಕನಿಕರವೇ ಆಯಿತು. ಪಾಪ, ಆಕೆ ಮಾತಾಡುವುದೇ ಕಡಿಮೆ. ಒಂದು ಪ್ರಶ್ನೆ ಕೇಳುವುದು, ಆಮೇಲೆ ಮೀನಿಗೆ ಕಾದ ಕೊಕ್ಕರೆಯ ಹಾಗೆ ನಿಶ್ಚಲವಾಗಿ ಕಾಯುವುದು. ಉತ್ತರ ಬಂದರೆ ತೃಪ್ತಿಯಿಲ್ಲ, “ಆಮೇಲೆ?” ಎಂದು ಮತ್ತೆ ಕಾಯುವುದು.

ವಿಶೇಷ ಶಿಕ್ಷಣದ ಮಕ್ಕಳ ತಂದೆತಾಯಿಗಳನ್ನು ಆ ಶಿಕ್ಷಣದಲ್ಲಿ ಪಾಲುದಾರರನ್ನಾಗಿ ಮಾಡುವುದು ಆಕೆಯ ವೃತ್ತಿ. ಮೈಮೇಲೆ ಸದಾ ಒಂದು ಬೂದುಬಣ್ಣದ ಕೋಟು. ಅದರ ಬಲಜೇಬಿನಲ್ಲಿ ಗುಂಡಿ, ಹುರಿ, ಚಮಚ, ಸೊಂಡಿಲು ಕಳೆದುಕೊಂಡ ರಬ್ಬರಿನ ಆನೆ, ಹೀಗೆ ಒಂದು ಇಡೀ ಸಂಸಾರ. ಆ ಭಾರಕ್ಕೆ ಒಂದು ಕಡೆ ವಾಲಿ ಆಕೆ ಬೀದಿಯಲ್ಲಿ ಬರುತ್ತಿದ್ದರೆ ತಕ್ಕಡಿಯೊಂದು ಅಂಗಡಿ ಬಿಟ್ಟು ಎದ್ದು ಬಂದಂತೆ ಕಾಣುತ್ತಿತ್ತು.

ಆಕೆ ಬಂದದ್ದು ನನ್ನ ಮೊಮ್ಮಗಳು ಗುಬ್ಬಿಯ ಸಲುವಾಗಿ. ಗುಬ್ಬಿಗೆ ಮಾತು ನಿಧಾನ. ಒಂದೇ ಉಸಿರಿಗೆ ಎರಡು ಕೆಲಸ ಹೇಳಿದರೆ ಎರಡೂ ಅವಳ ಕೈಜಾರುತ್ತವೆ. ತರಗತಿಯಲ್ಲಿ ಪಕ್ಕಕ್ಕೆ ಕೂತು ಹೇಳಿಕೊಡಲು ಒಬ್ಬ ಸಹಾಯಕಿ ಇದ್ದಳು. ಇಂಥ ಮಕ್ಕಳಿಗೆ ಏನೇನು ನೆರವು ಬೇಕೆಂದು ಶಾಲೆಯವರು ವರ್ಷಕ್ಕೊಮ್ಮೆ ಸಭೆ ಸೇರಿ ನಿರ್ಧರಿಸುತ್ತಾರೆ. ಹಿಂದಿನ ವರ್ಷದ ಸಭೆಯಲ್ಲಿ ಲಿಫ್ಟ್ ಮೆಕ್ಯಾನಿಕ್ ಆದ ನನ್ನ ಮಗ, ಹೆತ್ತ ಕರುಳಿನ ಹೆಮ್ಮೆಯಿಂದ, ನಮ್ಮ ಮಗು ಎಲ್ಲವನ್ನೂ ತಾನೇ ಮಾಡಿಕೊಳ್ಳುತ್ತದೆ ಎಂದುಬಿಟ್ಟ. ಉತ್ಪ್ರೇಕ್ಷೆ ನಮ್ಮ ವಂಶದ ರಕ್ತದಲ್ಲಿದೆ. ಶಾಲೆಯವರು ಸಂತೋಷಪಟ್ಟು ಸಹಾಯಕಿಯನ್ನು ತೆಗೆದುಹಾಕಿದರು. ಗುಬ್ಬಿ ಕಿವಿ ಮುಚ್ಚಿಕೊಂಡು ಬೆಂಚಿನ ಕೆಳಗೆ ಸೇರಿದಳು. ಈ ವರ್ಷದ ಸಭೆಯಲ್ಲೂ ಸಹಾಯಕಿ ಸಿಗದಿದ್ದರೆ ಗುಬ್ಬಿಗೆ ಆ ತರಗತಿಯೇ ಇಲ್ಲ.

ಟೀಚರಮ್ಮ ಕೇಳಿದ್ದು ಗುಬ್ಬಿ ಬೂಟು ಹಾಕಿಕೊಳ್ಳುವ ವಿಷಯ. ತಾನೇ ಹಾಕಿಕೊಳ್ಳುತ್ತಾಳೆ ಎಂದ ಮಗ. “ಆಮೇಲೆ?” ಬೂಟನ್ನು ಸರಿಯಾದ ಕಾಲಿನ ಮುಂದೆ ತಾನು ಇಡುತ್ತೇನೆ ಎಂದಳು ಸೊಸೆ. “ಆಮೇಲೆ?” ಹಿಮ್ಮಡಿ ಒಳಗೆ ಜಾರಲು ತಾನು ಬೆರಳು ಕೊಡುತ್ತೇನೆ ಎಂದು ಮಗ ತಗ್ಗಿದ ದನಿಯಲ್ಲಿ ಒಪ್ಪಿಕೊಂಡ. “ಆಮೇಲೆ?” ಗದ್ದಲವಾಗಬಾರದೆಂದು ರೇಡಿಯೋ ಆರಿಸುವವನು ನಾನು.

“ಹಾಗಾದ್ರೆ ಒಂದು ಬೂಟಿಗೆ ಮೂರು ಜನ ದೊಡ್ಡೋರು ದುಡೀತಿದ್ದೀರಿ,” ಎಂದರು ಟೀಚರಮ್ಮ. “ನೀವು ಮಾಡೋದು ನಿಮಗೇ ಕಾಣಿಸ್ತಿಲ್ಲ. ಇನ್ನು ಶಾಲೆಗೆ ಹೇಗೆ ಕಾಣಿಸ್ಬೇಕು?”

ಬಳಿಕ ಗುಬ್ಬಿಯತ್ತ ಬಾಗಿ, ಶಾಲೆಯಲ್ಲಿ ಯಾವುದು ಕಷ್ಟ ಎಂದು ಕೇಳಿದರು. ಉತ್ತರ ನನಗೆ ಗೊತ್ತಿತ್ತು, ಬಾಯಿ ತೆರೆದೆ. ಟೀಚರಮ್ಮ ನನ್ನತ್ತ ತಿರುಗಲೂ ಇಲ್ಲ, ಅಂಗೈ ಮಾತ್ರ ಎತ್ತಿ ಹಿಡಿದರು. ಎಷ್ಟು ಹೊತ್ತು ಕಾದೆವೋ ಕಾಣೆ. ಆ ಮೌನದಲ್ಲಿ ನನ್ನ ಗಡ್ಡ ಒಂದು ಗೇಣು ಬೆಳೆಯಿತು, ಎರಡು ರಾಜ್ಯಗಳು ಹುಟ್ಟಿ ಅಳಿದವು.

“ಗಂಟೆ,” ಎಂದಳು ಗುಬ್ಬಿ ಕೊನೆಗೆ. “ಗಂಟೆ... ನೋಯತ್ತೆ.”

ನಾನು ಹೇಳಬೇಕೆಂದಿದ್ದ ಉತ್ತರ ಲೆಕ್ಕದ ಪಾಠ ಎಂದು. ಜನ್ಮದಲ್ಲಿ ಮೊದಲ ಬಾರಿಗೆ ನನ್ನ ಬಾಯಿಗೆ ಬೀಗ ಬಿತ್ತು.

ಸಭೆಯ ದಿನ ಟೀಚರಮ್ಮ ನಮ್ಮ ಮುಂದೆ ಅಲ್ಲ, ಸೊಸೆಯ ಹಿಂದಿನ ಕುರ್ಚಿಯಲ್ಲಿ ಕೂತರು. ಸೊಸೆ ಸೌಮ್ಯಜೀವಿ, ಅವಳು ನೆಂಟರ ಮುಂದೆ ಸೀನಿದ್ದನ್ನೂ ನಾನು ಕೇಳಿಲ್ಲ. ಮುಖ್ಯೋಪಾಧ್ಯಾಯಿನಿ ನ್ಯಾಯವಾಗಿಯೇ ಕೇಳಿದರು: ಎಲ್ಲವನ್ನೂ ತಾನೇ ಮಾಡುತ್ತಾಳೆ ಎಂದು ಹೋದ ವರ್ಷ ಹೇಳಿದವರು ನೀವೇ ಅಲ್ಲವೇ? ನಾನು ಹಿಂದೆ ತಿರುಗಿ ಟೀಚರಮ್ಮನನ್ನು ಕಣ್ಣಲ್ಲೇ ಬೇಡಿದೆ. ಅವರು ಕಾಯುತ್ತಿದ್ದರು, ಅಷ್ಟೇ.

“ಹೌದು ಮೇಡಂ, ಹೇಳಿದ್ವಿ,” ಎಂದಳು ಸೊಸೆ. “ಮನೇಲಿ ಮಾಡ್ತಾಳೆ, ಯಾಕಂದ್ರೆ ಮೂರು ಜನ ಪಕ್ಕದಲ್ಲಿರ್ತೀವಿ. ಇಲ್ಲಿ ಒಬ್ಬರನ್ನ ಕೇಳ್ತಿದ್ದೀನಿ. ಹೇಗೆ ಹೇಳಿಕೊಡಬೇಕು ಅಂತ ನಾನು ಬಂದು ತೋರಿಸ್ತೀನಿ. ಗಂಟೆ ಹೊಡೆಯೋ ಮುಂಚೆ ಯಾರಾದ್ರೂ ಅವಳಿಗೆ ಹೇಳಿದ್ರೆ ಸಾಕು, ಬೆಂಚಿನ ಕೆಳಗೆ ಹೋಗಲ್ಲ.”

ಮುಖ್ಯೋಪಾಧ್ಯಾಯಿನಿ ಕನ್ನಡಕ ತೆಗೆದು, ಮೊದಲು ಬೂಟಿನ ಕ್ರಮ ಹೇಳಿ ಎಂದರು. ಸೊಸೆ ಹೇಳಿದಳು; ಇಡೀ ಸಭೆ ಕೇಳಿತು. ಮರುದಿನವೇ ಸಹಾಯಕಿ ಬಂದಳು. ಈಗ ಗಂಟೆಗೆ ಮುಂಚೆ ಗುಬ್ಬಿಗೆ ಸುದ್ದಿ ಮುಟ್ಟುತ್ತದೆ. ಅವಳು ಬೆಂಚಿನ ಮೇಲೆ ಪಟ್ಟದರಸಿಯ ಗತ್ತಿನಲ್ಲಿ ಕೂತು, ಕಿವಿ ಮುಚ್ಚಿಕೊಳ್ಳಿ ಎಂದು ಉಳಿದವರಿಗೂ ಆಜ್ಞೆ ಮಾಡುತ್ತಾಳೆ.

ಲೋಕದಲ್ಲಿ ಕೈಹಿಡಿದು ನಡೆಸುವ ಉಪಕಾರಿಗಳಿಗೆ ಬರವಿಲ್ಲ; ಕೈಬಿಟ್ಟು, ಬಿದ್ದರೆ ಹಿಡಿಯುವಷ್ಟು ದೂರದಲ್ಲಿ ನಿಂತು, ನಡೆದ ಕೀರ್ತಿಯನ್ನು ನಡೆದವರಿಗೇ ಬಿಟ್ಟುಕೊಡುವವರು ಮಾತ್ರ ವಿರಳ. ಈ ಮಾತನ್ನು, ಸೂರ್ಯಚಂದ್ರರನ್ನೂ ಸಪ್ತಸಾಗರಗಳನ್ನೂ ಸೇರಿಸಿ, ಮೊನ್ನೆ ಸೊಸೆಯ ಜೊತೆ ಹೋದಾಗ ಶಾಲೆಯ ಪಡಸಾಲೆಯಲ್ಲಿ ಟೀಚರಮ್ಮನಿಗೇ ಅರ್ಪಿಸಿದೆ. ಅವರು ಕೋಟಿನ ಗುಂಡಿ ಹಾಕಿಕೊಳ್ಳುತ್ತ ಪೂರ್ತಿ ಕೇಳಿಸಿಕೊಂಡರು.

“ಒಳಗೆ ಇನ್ನೊಬ್ಬ ತಾಯಿ ಅಳ್ತಾ ಕೂತಿದ್ದಾರೆ, ತಾತ. ನಿಮ್ಮ ಸೊಸೇನ ಅವರ ಹತ್ರ ಕಳಿಸಿಕೊಡಿ,” ಎಂದರು. “ಭಾಷಣಾನ ಇಲ್ಲೇ ಹೊರಗೆ ಬಿಟ್ಟು ಬರೋದಾದ್ರೆ ನೀವೂ ಬನ್ನಿ.”